ಅಣ್ಣ ತಿಂದ ಬೈಗುಳ

"ಗುರುಗಳೇ, ನಿನ್ನೆ ನೋಡಿದ ಹಳೆಯ ನಾಟಕದಲ್ಲಿ ರಾಣಿಯನ್ನು ಕಾಪಾಡಲು ದಾಸಿ ತಪ್ಪು ತನ್ನದೇ ಎಂದು ಸುಳ್ಳು ಹೇಳಿದಳು. ಅದರಿಂದ ರಾಣಿಗೆ ಒಳ್ಳೆಯದೇ ಆಯಿತಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಣ್ಣಗಾರನಿದ್ದ. ನೂಲಿಗೆ ನೀಲಿ ಹಾಕುವುದು ಅವನ ಕಸುಬು. ನೂಲು ಅದ್ದುವ ನೀಲಿಯ ಬಾನಿಯೆಂದರೆ ಹಸುಗೂಸಿನ ಹಾಗೆ. ಹೊತ್ತುಹೊತ್ತಿಗೆ ಸುಣ್ಣ, ಬೆಲ್ಲ ಉಣಿಸದಿದ್ದರೆ ಕೆಟ್ಟು ಕೂರುತ್ತದೆ, ನೂಲಿಗೆ ಬಣ್ಣ ಹತ್ತುವುದಿಲ್ಲ. ಕೆಡಿಸಿದವರೇ ಪಕ್ಕದಲ್ಲಿ ಕೂತು ಅದನ್ನು ಮತ್ತೆ ಎಬ್ಬಿಸಬೇಕು, ಇದು ಆ ಮನೆಯ ಕಟ್ಟಳೆ. ಬಣ್ಣಗಾರನದು ಕೆಂಡದಂಥ ಬಾಯಿ. ಬಾನಿ ಏಳುವಷ್ಟು ದಿನವೂ ಬೈಯುತ್ತಿದ್ದ, ಬೈಯುತ್ತಲೇ ಕಲಿಸುತ್ತಿದ್ದ.

ಅವನಿಗೆ ಇಬ್ಬರು ಗಂಡುಮಕ್ಕಳು. ಕಿರಿಯನಿಗೆ ಮರೆವು ಹೆಚ್ಚು, ಧೈರ್ಯ ಕಡಿಮೆ. ಮೂರು ಸಲ ಅವನ ಕೈಯಲ್ಲಿ ಬಾನಿ ಕೆಟ್ಟಿತು. ಮೂರು ಸಲವೂ ಹಿರಿಯ, "ಕೆಡಿಸಿದ್ದು ನಾನು" ಎಂದು ಹೋಗಿ ಬಾನಿಯ ಪಕ್ಕ ಕೂತ. ಇಂಥ ಅಣ್ಣ ಯಾರಿಗುಂಟು ಎಂದು ಕಿರಿಯನ ಕಣ್ಣು ತುಂಬಿ ಬರುತ್ತಿತ್ತು. ಕಣ್ಣು ತುಂಬಿಕೊಂಡೇ ಅವನು ಹೊಟ್ಟೆ ತುಂಬ ಉಂಡು ಮಲಗುತ್ತಿದ್ದ.

ತಂದೆ ತೀರಿಕೊಂಡ. ಹಿರಿಯ ಮಗ ತನ್ನ ಹೆಂಡತಿಯ ಊರಿಗೆ ಹೋಗಿ ನೆಲೆಸಿದ. ಕಿರಿಯನ ಪಾಲಿಗೆ ಬಂದ ಬಾನಿ ವರ್ಷದೊಳಗೆ ಕೆಟ್ಟಿತು. ಅವನು ಸುಣ್ಣ ಸುರಿದ, ಬೆಲ್ಲ ಸುರಿದ, ಕಂಡ ದೇವರಿಗೆಲ್ಲ ಹರಕೆ ಹೊತ್ತ. ಬಾನಿ ಏಳಲಿಲ್ಲ. ನೇಕಾರರು ತಮ್ಮ ನೂಲನ್ನು ಬೇರೆ ಕಡೆ ಒಯ್ದರು. ಅಪ್ಪನ ಕಸುಬು ತನ್ನ ಕೈಯಲ್ಲೇ ಮುಗಿಯಿತೆಂದು ಹೆದರಿ ಕಿರಿಯನು ಅಣ್ಣನಿಗೆ ಹೇಳಿಕಳುಹಿಸಿದ.

ಅಣ್ಣ ಬಂದೊಡನೆ ಅವನ ಕಾಲು ಹಿಡಿದು, "ಅಣ್ಣಾ, ನನ್ನ ಪಾಲಿನ ಬೈಗುಳವನ್ನೆಲ್ಲ ನೀನು ತಿಂದೆ. ನಿನ್ನ ಋಣ ಹೇಗೆ ತೀರಿಸಲಿ?" ಎಂದ.

"ಬೈಗುಳದ ಜೊತೆ ನಿನ್ನ ಪಾಲಿನ ವಿದ್ಯೆಯನ್ನೂ ತಿಂದುಬಿಟ್ಟೆನಲ್ಲೋ ತಮ್ಮಾ" ಎಂದು ಹಿರಿಯ ಅತ್ತ.

ಆಮೇಲೆ ಹಿರಿಯ ಬಾನಿಯನ್ನು ಮುಟ್ಟಲಿಲ್ಲ. ತಮ್ಮನನ್ನೇ ಅದರ ಪಕ್ಕ ಕೂರಿಸಿ, ಅಪ್ಪ ಬೈದ ಹಾಗೆಯೇ ಒಂಬತ್ತು ದಿನ ಬೈದ. ಹತ್ತನೆಯ ದಿನ ಅದ್ದಿ ತೆಗೆದ ನೂಲು ಗಾಳಿಗೆ ನೀಲಿಯಾಯಿತು. ಅಂದಿನಿಂದ ಕಿರಿಯ ದಿನವೂ ಬಾನಿಗೆ ಕೈಯಿಡುವ ಮೊದಲು ಅಣ್ಣನ ಊರಿನ ಕಡೆ ತಿರುಗಿ ಕೈಮುಗಿಯುತ್ತಿದ್ದ. ಆಗ ಅವನು ನೆನೆಯುತ್ತಿದ್ದುದು ಆ ಒಂಬತ್ತು ದಿನಗಳನ್ನು.

ಕತೆ ಮುಗಿಸಿ ಗುರುಗಳು ಶಿಷ್ಯನ ಮುಖ ನೋಡಿದರು. "ಮೊನ್ನೆ ಓಲೆಗರಿಯ ಕಟ್ಟನ್ನು ನೀರಿಗೆ ಬೀಳಿಸಿದ್ದು ನಾನೇ ಎಂದು ಒಪ್ಪಿಕೊಂಡೆಯಲ್ಲ, ನಿಜವಾಗಿ ಬೀಳಿಸಿದ ನಿನ್ನ ಗೆಳೆಯನನ್ನು ಕಳುಹಿಸು, ಅವನ ಪಾಲಿನ ಬೈಗುಳ ನನ್ನ ಹತ್ತಿರ ಹಾಗೇ ಉಳಿದಿದೆ."