ಹೊಳೆಯಾಚೆಗೆ ಹೋಗದ ವೀಳ್ಯ

“ಗುರುಗಳೇ, ಒಂದೇ ರಕ್ತದವರು, ಒಂದೇ ಭಾಷೆಯವರು. ಅಮೆರಿಕದ ವಸಾಹತುಗಳ ಜನ ಬ್ರಿಟಿಷರ ಆಳ್ವಿಕೆಯನ್ನು ಯಾಕೆ ಕಿತ್ತೊಗೆದರು? ಬರೀ ಚಹಾದ ಸುಂಕಕ್ಕೆ ಇಷ್ಟೊಂದು ರಂಪವೇ?”

ಮಠದ ಶಾಲೆಯಲ್ಲಿ ಮಕ್ಕಳಿಗೆ ಚರಿತ್ರೆಯ ಪಾಠ ಹೇಳಿ ಬಂದ ಗುರುಪಾದ ಹೀಗೆ ಕೇಳಿದ. ಕೇಳಿದ್ದು ಅಮೆರಿಕದ ಮಾತು, ಮನಸ್ಸಿನಲ್ಲಿ ಕುದಿಯುತ್ತಿದ್ದುದು ಬೇರೆ. ಮಠದ ಆಡಳಿತವೆಲ್ಲ ಅವನದೇ. ಕೆಳಗಿನೂರಿನ ಶಾಖಾ ಮಠದಲ್ಲಿ ಅಡುಗೆ ನಿಲ್ಲಿಸಿ, ಇಲ್ಲಿಂದಲೇ ಬಿಸಿ ಊಟ ಕಳಿಸುವ ಏರ್ಪಾಡು ಮಾಡಿದ್ದ. ಮೊದಲಿಗಿಂತ ಒಳ್ಳೆಯ ಊಟ, ಮೇಲೆ ತುಪ್ಪ ಬೇರೆ. ಅಲ್ಲಿನವರು ಪಾತ್ರೆಯ ಮುಚ್ಚಳವನ್ನೂ ತೆಗೆಯದೆ ವಾಪಸು ಕಳಿಸಿದ್ದರು. ಇನ್ನು ನಮ್ಮ ದಾರಿ ನಮಗೆ ಎಂದೂ ಹೇಳಿ ಕಳಿಸಿದ್ದರು. ಗುರುಗಳು ಹೂಂ ಎಂದರೆ ಆ ಮಠಕ್ಕೆ ಬೀಗ ಜಡಿಯಬೇಕೆಂದೇ ಅವನು ಬಂದಿದ್ದ. ಗುರುಗಳಿಗೂ ಅದು ಗೊತ್ತಿತ್ತು. ಅವರು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ತಮ್ಮ ಹೊಳೆ ದಾಟಿ ಹೋಗಿ, ಕಾಡು ಕಡಿದು, ಹೊಲ ಮಾಡಿ, ಅಲ್ಲೇ ಒಲೆ ಹೂಡಿದ. ಆದರೂ ಮನೆತನ ಒಂದೇ. ಆ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಎಲ್ಲರಿಗೂ ಸೇರಿದ ಮಾತು ತೀರ್ಮಾನವಾಗಬೇಕಾದರೆ ಹಿರಿಯ ಮನೆಯಿಂದ ಪ್ರತಿ ಒಲೆಗೂ ವೀಳ್ಯ ಹೋಗಬೇಕು. ವೀಳ್ಯ ಪಡೆದವರು ಬಂದು ಜಗಲಿಯಲ್ಲಿ ಕೂತು ಮಾತಾಡಬೇಕು. ಹೊಳೆ ಅಡ್ಡ ಬಂದ ಮೇಲೆ ತಮ್ಮನಿಗೆ ವೀಳ್ಯ ಹೋಗುವುದು ನಿಂತಿತು. ಅಷ್ಟು ದೂರ ಯಾರು ಹೋಗುತ್ತಾರೆ, ನಮ್ಮ ಹುಡುಗ ತಾನೇ ಎಂದುಕೊಂಡ ಅಣ್ಣ.

ಒಮ್ಮೆ ಪಕ್ಕದ ಸೀಮೆಯವರು ತಮ್ಮನ ಹೊಲಕ್ಕೆ ನುಗ್ಗಿದರು. ಅಣ್ಣ ಆಳುಗಳನ್ನು ಕಳಿಸಿ, ಕೈ ಸುಟ್ಟುಕೊಂಡು ಅವರನ್ನು ಓಡಿಸಿದ. ಆಮೇಲೆ ಆ ಖರ್ಚು ತುಂಬಿಕೊಳ್ಳಲು, ಮತ್ತೆ ಅಂಥ ಜಗಳ ಬಾರದಿರಲು ಒಂದೊಂದೇ ಕಟ್ಟಳೆ ಹೊರಡಿಸಿದ. ಕಾಡಿನೊಳಕ್ಕೆ ಇನ್ನು ಹೊಲ ಚಾಚಬೇಡ. ಮರ ಕಡಿದರೆ ನನಗೆ ಪಾಲು ಕೊಡು. ಎಣ್ಣೆಯನ್ನು ನನ್ನ ಗಾಣದಿಂದಲೇ ಕೊಳ್ಳು. ತಮ್ಮ ಗೊಣಗಿದ. ಅಣ್ಣ ಕೆಲವನ್ನು ಕೈಬಿಟ್ಟ, ಎಣ್ಣೆಯ ಬೆಲೆಯನ್ನೂ ಇಳಿಸಿದ. ಎಣ್ಣೆಯ ಕಟ್ಟಳೆಯನ್ನು ಮಾತ್ರ ಬಿಡಲಿಲ್ಲ. ಹೇಳುವ ಹಕ್ಕು ತನ್ನದೆಂದು ತೋರಿಸಬೇಕಿತ್ತಲ್ಲ!

ಎಣ್ಣೆಯ ಕೊಡಗಳು ಆಚೆ ದಡ ಮುಟ್ಟಿದ ದಿನ ತಮ್ಮ ಅಷ್ಟನ್ನೂ ಹೊಳೆಗೆ ಸುರಿದ. ಅಣ್ಣನಿಗೆ ಮೈಯೆಲ್ಲ ಉರಿಯಿತು. ದೋಣಿ ಓಡಾಡದಂತೆ ಮಾಡಿದ, ಆಳುಗಳ ಕೈಗೆ ದೊಣ್ಣೆ ಕೊಟ್ಟು ಕಳಿಸಿದ. ತಮ್ಮನ ಮಕ್ಕಳೂ ದೊಣ್ಣೆ ಹಿಡಿದರು. ರಕ್ತ ಹರಿಯಿತು. ಮನೆತನ ಎರಡಾಯಿತು.

ಎಷ್ಟೋ ವರ್ಷಗಳ ಮೇಲೆ ಇಬ್ಬರೂ ಸಂತೆಯಲ್ಲಿ ಎದುರಾದರು. ಅಣ್ಣ ಕೇಳಿದ: “ಎಣ್ಣೆ ಅಗ್ಗವಾಗಿಯೇ ಇತ್ತಲ್ಲೋ. ನಿನ್ನ ಒಳ್ಳೆಯದಕ್ಕೇ ಅಲ್ಲವೇ ನಾನು ಎಲ್ಲ ಮಾಡಿದ್ದು?”

“ಅಗ್ಗವಾಗಿತ್ತು ಅಣ್ಣಾ. ಆದರೆ ನಮ್ಮ ಒಲೆಗೆ ವೀಳ್ಯ ಬಂದಿರಲಿಲ್ಲ.”

ಅಣ್ಣನ ಸೊಂಟದಲ್ಲಿ ಎಲೆಅಡಿಕೆಯ ಸಂಚಿಯಿತ್ತು. ತಮ್ಮನೆದುರು ಅದನ್ನು ಬಿಚ್ಚಲು ಅವನಿಗೆ ನಾಚಿಕೆಯಾಯಿತು. ತಲೆ ತಗ್ಗಿಸಿಕೊಂಡು ಹೊರಟುಹೋದ.

ಕತೆ ಮುಗಿಯಿತು. ಗುರುಪಾದನ ಮುಖ ಬಿಸಿಯಾಗಿತ್ತು. “ನಾನು ಅವರ ಒಳ್ಳೆಯದಕ್ಕೇ...” ಎಂದು ಬಾಯಿ ತೆರೆದ. ಅದು ಆ ಅಣ್ಣನ ಮಾತೇ ಎಂದು ಹೊಳೆದು ನಾಚಿ ನೆಲ ನೋಡಿದ.

ಗುರುಗಳು ಮೆಲ್ಲಗೆ ಕೇಳಿದರು: “ಕೆಳಗಿನೂರಿನ ಒಲೆ ಆರಿಸುವ ಮುಂಚೆ ಅಲ್ಲಿಗೆ ವೀಳ್ಯ ಕಳಿಸಿದ್ದೆಯಾ, ಗುರುಪಾದ?”