ಹಣೆಗೆ ಬೇಡವಾದ ಬೂದಿ

"ಬೂದಿ ಪಾತ್ರೆ ತಿಕ್ಕಾಕ ಐತಿ, ರಸ್ತೆ ಹಾಕಾಕಲ್ಲ. ನಿನ್ನ ಕೈಲೆ ಆಗಾಂಗಿಲ್ಲ ಬಿಡು," ಎಂದು ನಕ್ಕವನು ಹುಲಿಗೆಪ್ಪ ಮೇಸ್ತ್ರಿ. ಸಿಮೆಂಟ್ ಚೀಲಗಳ ಮೇಲಿನ ಅಕ್ಷರ ನೋಡಿ ಓದು ಕಲಿತವಳು ನಾನು. ಐದು ಪಾಲು ಸಿಮೆಂಟಿನಲ್ಲಿ ಒಂದು ಪಾಲು ತೆಗೆದು ಭತ್ತದ ಹೊಟ್ಟಿನ ಬೂದಿ ಬೆರೆಸಬಹುದೆಂದು ಒಂದು ಕೈಪಿಡಿಯಲ್ಲಿ ಓದಿದ್ದೆ. ಹೊಟ್ಟನ್ನು ಸುಡುವ ಕ್ರಮ ಹೇಳಿದ ಪುಟ ಮಾತ್ರ ಅರ್ಥವಾಗಲಿಲ್ಲ. ಕೇಳಿದರೆ ಓದು ಬಾರದವಳು ಎಂದಾರೆಂದು ಯಾರನ್ನೂ ಕೇಳಲಿಲ್ಲ. ಅಕ್ಕಿ ಗಿರಣಿಯ ಕರಿ ಬೂದಿಯನ್ನೇ ತಂದು, ನಾನು ಮೊದಲ ಸಲ ಗುತ್ತಿಗೆ ಹಿಡಿದಿದ್ದ ಕಾಲುವೆ ದಂಡೆಯ ರಸ್ತೆಗೆ ಕಲಸಿ ಹಾಕಿದೆ.

ಮೊದಲ ಮಳೆಗೇ ರಸ್ತೆಯ ಅಂಚು ಕುಸಿಯಿತು. ಜಲ್ಲಿ ತರುತ್ತಿದ್ದ ಟ್ರ್ಯಾಕ್ಟರ್ ಕಾಲುವೆಗೆ ಉರುಳಿತು. ಅದನ್ನು ಹೊಡೆಯುತ್ತಿದ್ದವನು ನನ್ನ ತಮ್ಮ ದುರುಗಪ್ಪ.

ಪೂಜ್ಯ ಮರಿಶಾಂತ ಅಜ್ಜನವರು ಆಗ ಗಿರಣಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ವಾಸವಾಗಿದ್ದರು. ಸಗಣಿಯ ಕುರುಳು ಸುಟ್ಟು ವಿಭೂತಿ ಮಾಡುವುದೇ ಅವರ ಕಾಯಕ. ತಮ್ಮನನ್ನು ಮಣ್ಣು ಮಾಡಿದ ಮೂರನೆಯ ದಿನ ಅಲ್ಲಿಗೆ ಹೋದೆ. ಕೈಮುಗಿಯಲು ಹೋಗಿರಲಿಲ್ಲ.

"ಬೂದೀನ ದೇವರು ಅಂತೀರಲ್ರೀ ಅಜ್ಜಾರ, ಅದೇ ಬೂದಿ ನನ್ನ ತಮ್ಮನ್ನ ನುಂಗೇತಿ. ಇನ್ನ ಆ ರಸ್ತಿ ಮುಟ್ಟಾಂಗಿಲ್ಲ ನಾ."

ಅಜ್ಜನವರು ಬಟ್ಟೆಯಲ್ಲಿ ಬೂದಿ ಸೋಸುತ್ತಿದ್ದರು. ತಲೆ ಎತ್ತದೆ ಕೇಳಿದರು: "ಯಾವ ಬಣ್ಣದ್ದು ಹಾಕಿದ್ದೆವ್ವಾ?"

"ಕರೀದು."

ಅರೆಬೆಂದ ಕುರುಳೊಂದನ್ನು ಮುರಿದು ಅದರ ಕರಿ ಪುಡಿಯನ್ನು ನನ್ನ ಮುಂದೆ ಹಿಡಿದರು. "ಇದನ್ನ ಹಣಿಗೆ ಹಚ್ಚಿಕೋ."

ಹಿಂದೆ ಸರಿದೆ. "ಇದಿನ್ನೂ ಪೂರಾ ಸುಟ್ಟಿಲ್ರೀ."

"ನಿನ್ನ ಹಣಿಗೆ ಬ್ಯಾಡಾದದ್ದನ್ನ ಮಂದಿ ಕಾಲಕೆಳಗ ಯಾಕ ಹಾಕಿದಿ?"

ಸಮಾಧಾನದ ಒಂದು ಮಾತನ್ನೂ ಪೂಜ್ಯರು ಆಡಲಿಲ್ಲ. ಸೋಸುವ ಬಟ್ಟೆಯನ್ನು ನನ್ನ ಕೈಗಿತ್ತು ಎದ್ದುಹೋದರು. ಸಂಜೆಯವರೆಗೆ ಸೋಸಿದೆ, ಅತ್ತದ್ದೂ ಆ ಬೂದಿಯಲ್ಲೇ. ಏಳುವ ಮುನ್ನ ಅವರು ಕೂತಿದ್ದ ನೆಲಕ್ಕೆ ಹಣೆ ಹಚ್ಚಿದೆ.

ಮರುದಿನ ಕೈಪಿಡಿ ಹಿಡಿದು ಹುಲಿಗೆಪ್ಪನ ಮನೆಗೆ ಹೋಗಿ, "ಅಣ್ಣಾ, ಈ ಪುಟ ತಿಳೀವಲ್ದು, ಹೇಳಿಕೊಡು" ಎಂದೆ. ಅವನು ನಗಲಿಲ್ಲ, ಸಾಲು ಸಾಲಾಗಿ ಬಿಡಿಸಿ ಹೇಳಿದ. ಇಡೀ ರಸ್ತೆಯನ್ನು ನಾನೇ ಒಡೆಸಿದೆ. ಹೊಟ್ಟನ್ನು ಬೂದುಬಿಳುಪಾಗುವವರೆಗೆ ಸುಟ್ಟು, ಅರೆದು, ಸೋಸಿ ಮತ್ತೆ ಹಾಕಿದೆ. ಹದಿನಾಲ್ಕು ಮಳೆಗಾಲ ಕಳೆದಿವೆ, ಅಂಚು ಬಿರಿದಿಲ್ಲ.

ಅಜ್ಜನವರು ಈಗಿಲ್ಲ. ನನ್ನ ಹೆಸರಿನಲ್ಲಿ ಎರಡು ಕಾಂಕ್ರೀಟ್ ಮಿಕ್ಸರ್ ಇವೆ, ಬೂದಿ ಸುಡುವ ಒಂದು ಭಟ್ಟಿ ಇದೆ, ಅವರು ಕೊಟ್ಟ ಬಟ್ಟೆ ಇದೆ. ಇವಕ್ಕೆ ನಾನು ತೆತ್ತದ್ದು ದುರುಗಪ್ಪನನ್ನು.