ಕರ್ನಲ್ ಸಾಹೇಬರ ಜೀಪಿನ ರೇಡಿಯೋ

ನಿವೃತ್ತ ಕರ್ನಲ್ ಜಯಕರ ತಮ್ಮ ಯುದ್ಧಕಾಲದ ಜೀಪನ್ನು ಹರಾಜಿನಲ್ಲಿ ಕೊಂಡು, ಬೆಳಗಾವಿಯ ಬಸಲಿಂಗನ ಗ್ಯಾರೇಜಿಗೆ ತಂದರು. ಬಸಲಿಂಗ ಆ ಯುದ್ಧದಲ್ಲಿ ಅವರ ಕೈಕೆಳಗೆ ರೇಡಿಯೋ ನೋಡಿಕೊಂಡವನು.

“ರೇಡಿಯೋ, ಆಂಟೆನಾ ಎಲ್ಲಾ ಕೂಡಿಸು. ಶತ್ರುಗಳು ನಮ್ಮನ್ನು ಮುತ್ತಿದ ದಿನ ಹೇಗಿತ್ತೋ ಹಾಗೇ ಇರಬೇಕು. ಒಂದು ತಂತಿ ಹೆಚ್ಚುಕಮ್ಮಿಯಾದರೂ ಸುಮ್ಮನಿರಲ್ಲ!”

“ಹಂಗ ಆಗಲಿರಿ ಸಾಹೇಬ್ರ,” ಅಂದ ಬಸಲಿಂಗ.

ಸಿದ್ಧವಾದ ಜೀಪಿನ ಪ್ರದರ್ಶನಕ್ಕೆ ಜನ ಸೇರಿದರು. ಆ ಮುತ್ತಿಗೆಯ ದಿನ ಸತ್ತ ಮೂವರು ಸಿಪಾಯಿಗಳ ಮನೆಯವರೂ ಬಂದಿದ್ದರು.

“ಕೊನೇ ಗಳಿಗೆಯವರೆಗೂ ಇದೇ ರೇಡಿಯೋದಲ್ಲಿ ನೆರವು ಕೇಳಿದೆ. ಯಾರೂ ಬರಲಿಲ್ಲ,” ಎನ್ನುತ್ತ ಕರ್ನಲ್ ಗುಂಡಿ ಒತ್ತಿದರು. ಗರ್ ಎಂದೂ ಸದ್ದಾಗಲಿಲ್ಲ.

“ಏನೋ ಇದು?” ಎಂದು ಗದರಿದರು.

“ಬ್ಯಾಟರಿ ಇಲ್ರಿ ಸಾಹೇಬ್ರ. ಆ ದಿನಾನೂ ಇರಲಿಲ್ಲ. ನಿಮ್ಮ ಡೇರೆದ ದೀಪಕ್ಕಂತ ಬಿಚ್ಚಿಸಿ ಒಯ್ದಿದ್ರಿ. ಅವತ್ತು ಇದ್ದಂಗ ಕೂಡಿಸೀನಿ.”

ಕರ್ನಲ್ ಮತ್ತೊಮ್ಮೆ ಗುಂಡಿ ಒತ್ತಿದರು.

ಸತ್ತವನೊಬ್ಬನ ಹೆಂಡತಿ ಶಾಂತವ್ವ ಎದ್ದು ಬಂದಳು. “ಹಂಗಾದ್ರ ನೀವು ಯಾರನ್ನೂ ಕರೀಲೇ ಇಲ್ಲೇನ್ರಿ?”

ಕರ್ನಲ್ ಟೋಪಿ ತೆಗೆದರು. “ಇಲ್ಲಮ್ಮ.”

ಆಕೆ ಬಸಲಿಂಗನ ಕಡೆ ತಿರುಗಿದಳು. “ನಿನಗ ಗೊತ್ತಿತ್ತಲ್ಲಪ್ಪ?”

“ಗೊತ್ತಿತ್ರಿ ಅವ್ವಾರ, ನಲವತ್ತು ವರ್ಷ ಸುಮ್ಮನ ಇದ್ದೆ,” ಅಂದ ಬಸಲಿಂಗ.